ಬಿಸಿಲಿಗೆದುರಾದ ಪರದೆಗೆ ನ್ಯಾನೋ ಲೇಪನದ ಹಾಳೆ: ಎಂಟು ತಿಂಗಳ ಬಳಕೆಯ ಬಳಿಕ

ಕಳೆದ ಡಿಸೆಂಬರಿನಲ್ಲಿ, ಅರ್ಜಿ ಮತ್ತು ಆಮಂತ್ರಣಗಳನ್ನು ಟೈಪ್ ಮಾಡಿ ಮುದ್ರಿಸಿಕೊಡುವ ನನ್ನ ಅಂಗಡಿಯಲ್ಲಿ ಸಿದ್ಧವಾದ, ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯೊಂದರಲ್ಲಿ ‘ಧನಸಹಾಯ ನೀಡಲಿಚ್ಛಿಸುವವರು ಖಜಾಂಚಿಯವರನ್ನು ಸಂಪರ್ಕಿಸಬೇಕಾಗಿ ವಿನಂತಿ’ ಎಂದಿರಬೇಕಾದ ಸಾಲು ‘ದನಸಹಾಯ’ ಎಂದು ಅಚ್ಚಾಗಿ ಬಂತು. ಐನೂರು ಪ್ರತಿಗಳು ಮಡಚಿ ಕಟ್ಟಾದ ಮೇಲೆ ಸಮಿತಿಯ ಹಿರಿಯರೊಬ್ಬರು ಅದನ್ನು ಕಂಡುಹಿಡಿದು, ‘ಎಂತ ಮಾರಾಯ, ಈ ಕಾಲದಲ್ಲಿ ದನ ಕೊಡ್ಲಿಕ್ಕೆ ಯಾರು ಬರ್ತಾರೆ?’ ಎಂದು ನಕ್ಕರು. ಅವರು ನಕ್ಕದ್ದು ಅವರ ದೊಡ್ಡತನ. ಮರುಮುದ್ರಣದ ಖರ್ಚು ಮಾತ್ರ ನನ್ನ ಮೇಲೆಯೇ ಬಿತ್ತು. ಆ ಪುಟದ ಕರಡನ್ನು ತಿದ್ದಿದವನು ನಾನೇ, ಅದೂ ಮಧ್ಯಾಹ್ನ ಮೂರು ಗಂಟೆಗೆ ಪರದೆಯ ಮೇಲೆ ನೋಡಿ ತಿದ್ದಿದ್ದು. ‘ದ’ಕಾರದ ಹೊಟ್ಟೆ ಸೀಳಿದರೆ ‘ಧ’ ಎಂದು ನಮಗೆ ಒಂದನೇ ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಆ ಸೀಳು ಇದ್ದ ಜಾಗದಲ್ಲಿ ಅಂದು ನನಗೆ ಕಂಡದ್ದು ಎದುರು ಕಟ್ಟಡದ ಸುಣ್ಣದ ಗೋಡೆ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿರುವ ನನ್ನ ಅಂಗಡಿಯ ಬಾಗಿಲು ಪೂರ್ವಕ್ಕಿದೆ. ರಸ್ತೆಯ ಆಚೆಗಿರುವ ಎರಡು ಮಾಳಿಗೆಯ ಕಟ್ಟಡದ ಬಿಳಿ ಗೋಡೆಗೆ ಮಧ್ಯಾಹ್ನದ ನಂತರ ಬಿಸಿಲು ನೇರವಾಗಿ ಬೀಳುತ್ತದೆ. ನಾನು ರಸ್ತೆಗೆ ಬೆನ್ನು ಹಾಕಿ ಕುಳಿತುಕೊಳ್ಳುವುದು ಅನಿವಾರ್ಯ, ಏಕೆಂದರೆ ಕೌಂಟರಿನಾಚೆ ನಿಂತ ಗಿರಾಕಿಗೂ ಪರದೆ ಕಾಣಬೇಕು. ನಮ್ಮಲ್ಲಿ ಒಬ್ಬನೇ ಮನುಷ್ಯನ ಹೆಸರು ಕನ್ನಡದಲ್ಲಿ ಒಂದು ರೀತಿ, ಮಲಯಾಳದಲ್ಲಿ ಇನ್ನೊಂದು ರೀತಿ, ರೇಶನ್ ಕಾರ್ಡಿನಲ್ಲಿ ಮತ್ತೊಂದು ರೀತಿ ಇರುವುದರಿಂದ, ಅರ್ಜಿಯ ಪ್ರತಿಯೊಂದು ಅಕ್ಷರವನ್ನೂ ಅವರೇ ನೋಡಿ ‘ಸರಿ ಉಂಟು’ ಎಂದ ಮೇಲೆಯೇ ನಾನು ಮುದ್ರಿಸುವುದು. ಎರಡು ವರ್ಷಗಳ ಹಿಂದೆ ಕೊಂಡ ಆಲ್ ಇನ್ ಒನ್ ಕಂಪ್ಯೂಟರಿಗೆ ಮುಂಭಾಗದಲ್ಲಿ ನುಣುಪಾದ ಗಾಜು ಇದೆ. ರಾತ್ರಿ ಹೊತ್ತು ಅದರ ಅಂದವೇ ಬೇರೆ, ಹಗಲು ಮಾತ್ರ ಅದು ಕನ್ನಡಿ. ಅಡಿಕೆ ನರ್ಸರಿಗೆ ಕಟ್ಟುವ ಹಸಿರು ನೆರಳುಬಲೆಯನ್ನು ಬಾಗಿಲಿಗೆ ಇಳಿಬಿಟ್ಟು ನೋಡಿದೆ. ಪ್ರತಿಬಿಂಬ ಸ್ವಲ್ಪ ಕಡಿಮೆಯಾಯಿತಾದರೂ ಅಂಗಡಿ ಮುಚ್ಚಿದೆಯೆಂದು ತಿಳಿದು ಜನ ಮುಂದೆ ಹೋದರು.

ಹೀಗೆ ಜನವರಿಯಲ್ಲಿ ಕಾಸರಗೋಡು ಪೇಟೆಯ ಅಂಗಡಿಯೊಂದರಿಂದ ‘ನ್ಯಾನೋ ಆಪ್ಟಿಕಲ್ ಕೋಟಿಂಗ್’ ಎಂದು ಪೊಟ್ಟಣದ ಮೇಲೆ ಬರೆದಿದ್ದ, 23.8 ಇಂಚಿನ ಪರದೆಗೆ ಹೊಂದುವ ಅಂಟುಹಾಳೆಯನ್ನು 1,850 ರೂಪಾಯಿ ಕೊಟ್ಟು ತಂದೆ. ಹೋಲಿಸಿ ನೋಡಲೆಂದು 650 ರೂಪಾಯಿಯ ಸಾಧಾರಣ ಮ್ಯಾಟ್ (ಹೊಳಪಿಲ್ಲದೆ ಬೆಳಕನ್ನು ಚದುರಿಸುವ) ಹಾಳೆಯನ್ನೂ ತಂದೆ. ತಯಾರಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದೇ ಬಗೆಯ ಹಾಳೆಯನ್ನು ಬೇರೆ ಬೇರೆ ಹೆಸರಿನ ಪೊಟ್ಟಣಗಳಲ್ಲಿ ಅಂಗಡಿಯಾತನೇ ತೋರಿಸಿದ ಮೇಲೆ ಹೆಸರಿನಿಂದ ಓದುಗರಿಗೆ ಪ್ರಯೋಜನವಿದೆಯೆಂದು ನನಗನ್ನಿಸಲಿಲ್ಲ. ಪೊಟ್ಟಣದ ಮುಂಭಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಪರದೆಯ ಪ್ರಕಾಶ 30% ಹೆಚ್ಚಳ’ ಎಂದೂ ಹಿಂಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ‘ಪ್ರತಿಫಲನ 1%ಕ್ಕಿಂತ ಕಡಿಮೆ’ ಎಂದೂ ಇತ್ತು. ಈ ಎರಡರಲ್ಲಿ ಹಿಂಭಾಗದ ಮಾತು ನಂಬಲರ್ಹವಾದದ್ದು, ಮುಂಭಾಗದ್ದು ಅಲ್ಲ. ಅದು ಏಕೆಂದು ವಿವರಿಸದೆ ಈ ವಿಮರ್ಶೆ ಪೂರ್ಣವಾಗುವುದಿಲ್ಲ.

ಸಾಮಾನ್ಯ ಗಾಜಿನ ವಕ್ರೀಭವನ ಸೂಚ್ಯಂಕ, ಅಂದರೆ ಅದರೊಳಗೆ ಹೊಕ್ಕ ಬೆಳಕು ಎಷ್ಟು ನಿಧಾನವಾಗಿ ಬಾಗುತ್ತದೆಂಬುದರ ಅಳತೆ, ಸುಮಾರು 1.5. ಗಾಳಿಯಿಂದ ಅಂಥ ಗಾಜಿಗೆ ನೇರವಾಗಿ ಬೀಳುವ ಬೆಳಕಿನಲ್ಲಿ ಸುಮಾರು 4% ಹಿಂದಕ್ಕೆ ಚಿಮ್ಮುತ್ತದೆ, ಮತ್ತು ಪರದೆಯ ಒಳಗಿನಿಂದ ಹೊರಬರುವ ಬೆಳಕೂ ಅದೇ ಮೇಲ್ಮೈಯಲ್ಲಿ ಅಷ್ಟೇ ಪಾಲನ್ನು ಕಳೆದುಕೊಳ್ಳುತ್ತದೆ. ಲೇಪನವು ಈ ನಷ್ಟವನ್ನು ಸಂಪೂರ್ಣವಾಗಿ ಅಳಿಸಿಹಾಕಿತೆಂದೇ ಇಟ್ಟುಕೊಂಡರೂ ಆ ಮೇಲ್ಮೈಯಲ್ಲಿ ಹೆಚ್ಚುವರಿಯಾಗಿ ಸಿಗಬಹುದಾದ ಬೆಳಕು ಆ ನಾಲ್ಕು ಭಾಗ ಮಾತ್ರ. ಇಲ್ಲದ ಬೆಳಕನ್ನು ಹಾಳೆ ಎಲ್ಲಿಂದ ತರಬೇಕು? ಅಂಗಡಿಯ ಶಟರ್ ಎಳೆದು, ದೀಪ ಆರಿಸಿ, ಪರದೆಯಲ್ಲಿ ಬರೀ ಬಿಳಿ ಪುಟವನ್ನು ತೆರೆದು, ಬೆಳಕು ಅಳೆಯುವ ಆಪ್ ಇರುವ ಫೋನನ್ನು ಅದಕ್ಕೆ ಒತ್ತಿಹಿಡಿದು ನೋಡಿದೆ. ಹಾಳೆಯಿಲ್ಲದೆ 168, ನ್ಯಾನೋ ಹಾಳೆಯೊಂದಿಗೆ 171, ಮ್ಯಾಟ್ ಹಾಳೆಯೊಂದಿಗೆ 155 ಎಂದು ಬಂತು. ಫೋನಿನ ಅಳತೆ ಪ್ರಯೋಗಶಾಲೆಯ ಅಳತೆಯಲ್ಲವೆಂಬುದು ನನಗೂ ಗೊತ್ತಿದೆ, ಮತ್ತು 168ರಿಂದ 171ಕ್ಕಾದ ಆ ಹೆಚ್ಚಳ ಅದರ ತಪ್ಪಿನೊಳಗೇ ಅಡಗಿಹೋಗುವಷ್ಟು ಚಿಕ್ಕದು. ಆದರೆ ಮೂವತ್ತು ಪ್ರತಿಶತ ಹೆಚ್ಚಾಗಿದ್ದರೆ ಅದು ಇನ್ನೂರ ಹದಿನೆಂಟರ ಹತ್ತಿರ ತೋರಿಸಬೇಕಾಗಿತ್ತು.

ಹಾಗಾದರೆ ಹಾಳೆ ಮೋಸವೇ? ಅಲ್ಲ. ಮರುದಿನ ಮಧ್ಯಾಹ್ನ ಅದೇ ಪರದೆಯ ಮುಂದೆ ಕುಳಿತಾಗ ಪರದೆ ನಿಜವಾಗಿಯೂ ಬೆಳಗಿದಂತೆ ಕಂಡಿತು. ಇದರ ಲೆಕ್ಕ ಸುಲಭ. ನಡುಹಗಲಿನ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಮೇಲ್ಮೈಯ ಮೇಲೆ ಬೀಳುವ ಬೆಳಕಿನ ಅಳತೆ) ಇರುತ್ತದೆ. ಓರೆಯಾಗಿ ಬೀಳುವುದರಿಂದ ಎದುರು ಗೋಡೆಗೆ ಅದರ ಅರ್ಧವಷ್ಟೇ ದಕ್ಕುತ್ತದೆಂದು ಇಟ್ಟುಕೊಳ್ಳೋಣ. ಹೊಸ ಸುಣ್ಣ ಬಳಿದ ಗೋಡೆ ಅದರಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಎಲ್ಲ ದಿಕ್ಕಿಗೂ ಚದುರಿಸಿ ಹಿಂತಿರುಗಿಸಿದರೆ, ಆ 40,000ವನ್ನು ಪೈ (3.14) ಇಂದ ಭಾಗಿಸಿದಾಗ ಆ ಗೋಡೆಯ ಹೊಳಪು ಚದರ ಮೀಟರಿಗೆ ಸುಮಾರು 12,700 ಕ್ಯಾಂಡೆಲಾ, ಅಂದರೆ ಪರದೆಗಳ ಭಾಷೆಯಲ್ಲಿ 12,700 ನಿಟ್. ಅದರ 4% ಎಂದರೆ ಸುಮಾರು 500 ನಿಟ್. ನನ್ನ ಪರದೆಯ ಬಿಳಿಗೆ ಇರುವುದು 250 ನಿಟ್. ಎಂದರೆ ನಾನು ಓದಬೇಕಾದ ಕಾಗದಕ್ಕಿಂತ ಗೋಡೆಯ ಪ್ರತಿಬಿಂಬವೇ ಎರಡು ಪಟ್ಟು ಪ್ರಕಾಶವಾಗಿ ಕುಳಿತಿತ್ತು. ಕಪ್ಪು ಅಕ್ಷರ ಇರುವಲ್ಲಿ ಕಣ್ಣಿಗೆ ಬರುವುದು 500, ಬಿಳಿ ಕಾಗದ ಇರುವಲ್ಲಿ 750. ಒಂದಕ್ಕೆ ಒಂದೂವರೆಯ ಈ ಅಂತರದಲ್ಲಿ ‘ಧ’ದ ಸೀಳು ಕಾಣದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಪ್ರತಿಫಲನವನ್ನು ಒಂದು ಪ್ರತಿಶತಕ್ಕೆ ಇಳಿಸಿದರೆ ಗೋಡೆಯ ಪಾಲು 125 ನಿಟ್‌ಗೆ ಇಳಿಯುತ್ತದೆ, ಅಕ್ಷರಕ್ಕೂ ಕಾಗದಕ್ಕೂ ನಡುವಿನ ಅಂತರ ಒಂದಕ್ಕೆ ಮೂರಾಗುತ್ತದೆ. ಪರದೆಯ ದೀಪ ಇದ್ದಷ್ಟೇ ಇರುತ್ತದೆ, ಅದರೊಂದಿಗೆ ಪೈಪೋಟಿಗಿಳಿದ ಹೊರಗಿನ ಬೆಳಕು ಹಿಂದೆ ಸರಿಯುತ್ತದೆ. ‘ಪ್ರಕಾಶ ಹೆಚ್ಚಾಯಿತು’ ಎಂದು ಕಣ್ಣು ಹೇಳುವುದು ಇದನ್ನೇ. ಪೊಟ್ಟಣದವರು ಇಷ್ಟನ್ನು ನೇರವಾಗಿ ಬರೆದಿದ್ದರೆ ಹಾಳೆಯ ಮರ್ಯಾದೆ ಹೆಚ್ಚುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ.

ನ್ಯಾನೋ ಕಣಗಳಿಗೆ ಇದರಲ್ಲಿ ಏನು ಕೆಲಸ ಎಂಬ ಪ್ರಶ್ನೆಯನ್ನು ಅಂಗಡಿಯಾತನಿಗೂ ಕೇಳಿದ್ದೆ. ‘ಅದು ಹೊಸ ಟೆಕ್ನಾಲಜಿ’ ಎಂದಷ್ಟೇ ಉತ್ತರ ಬಂತು. ಮಳೆಗಾಲದಲ್ಲಿ ಬಸ್ ನಿಲ್ದಾಣದ ಒದ್ದೆ ನೆಲದ ಮೇಲೆ ಡೀಸೆಲ್ ಹನಿ ಹರಡಿ ಬಣ್ಣಬಣ್ಣವಾಗಿ ಕಾಣುವುದನ್ನು ಎಲ್ಲರೂ ನೋಡಿದ್ದೇವೆ. ತೆಳುವಾದ ಪದರದ ಮೇಲ್ಭಾಗದಿಂದ ಮರಳಿದ ಬೆಳಕೂ ಕೆಳಭಾಗದಿಂದ ಮರಳಿದ ಬೆಳಕೂ ಒಂದರ ಮೇಲೊಂದು ಬಿದ್ದು, ಪದರದ ದಪ್ಪಕ್ಕೆ ತಕ್ಕಂತೆ ಕೆಲವು ಬಣ್ಣಗಳು ಹೆಚ್ಚುತ್ತವೆ, ಕೆಲವು ಅಳಿಯುತ್ತವೆ. ಲೇಪನದಲ್ಲಿ ಆ ದಪ್ಪವನ್ನು ಬೇಕೆಂದೇ ಪದರದೊಳಗಿನ ಬೆಳಕಿನ ಅಲೆಯ ಉದ್ದದ ಕಾಲು ಭಾಗಕ್ಕೆ ಹೊಂದಿಸಿ, ಮರಳುವ ಎರಡು ಬೆಳಕುಗಳೂ ಪರಸ್ಪರ ಅಳಿಸಿಹೋಗುವಂತೆ ಮಾಡುತ್ತಾರೆ. ಆದರೆ ಪೂರ್ತಿಯಾಗಿ ಅಳಿಸಬೇಕಾದರೆ ಆ ಪದರದ ಸೂಚ್ಯಂಕ 1.5ರ ವರ್ಗಮೂಲವಾದ 1.22ರ ಹತ್ತಿರ ಇರಬೇಕು, ಮತ್ತು ಅಂಥ ಸೂಚ್ಯಂಕವಿರುವ ಗಟ್ಟಿಯಾದ, ಬಾಳಿಕೆಯ ವಸ್ತು ಸುಲಭವಾಗಿ ಸಿಗುವಂಥದ್ದಲ್ಲ. ಮಸೂರಗಳಿಗೆ ದಶಕಗಳಿಂದ ಬಳಸುತ್ತಿರುವ ಮೆಗ್ನೀಶಿಯಂ ಫ್ಲೋರೈಡಿನದ್ದು 1.38, ಅದರ ಒಂದೇ ಪದರ ಬಳಿದರೆ ಗಾಜಿನ ಪ್ರತಿಫಲನ ಸುಮಾರು 1.4%ಕ್ಕೆ ನಿಲ್ಲುತ್ತದೆ. ಸಿಲಿಕಾದ ಸೂಚ್ಯಂಕ 1.46, ಗಾಳಿಯದ್ದು 1. ಇಲ್ಲಿಯೇ ನ್ಯಾನೋ ಕಣಗಳ ಜಾಣತನ ಇರುವುದು: ಹತ್ತಾರು ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೋಮೀಟರ್) ಗಾತ್ರದ ಟೊಳ್ಳಾದ ಸಿಲಿಕಾ ಗೋಲಿಗಳನ್ನು ಅಂಟಿನಲ್ಲಿ ಕಲಸಿ ಬಳಿದರೆ, ಗಾಜಿನೊಂದಿಗೆ ಗಾಳಿಯನ್ನೂ ಬಳಿದಂತಾಗಿ ಪದರದ ಸೂಚ್ಯಂಕ ಕೆಳಗಿಳಿಯುತ್ತದೆ. ಗೋಲಿಗಳು ಬೆಳಕಿನ ಅಲೆಗಿಂತ ಬಹಳ ಚಿಕ್ಕವಾದುದರಿಂದ ಬೆಳಕು ಅವುಗಳನ್ನು ಬಿಡಿಬಿಡಿಯಾಗಿ ಗುರುತಿಸದೆ ಇಡೀ ಪದರವನ್ನು ಒಂದೇ ವಸ್ತುವೆಂಬಂತೆ ಹಾದುಹೋಗುತ್ತದೆ, ಹಾಗಾಗಿ ಮಬ್ಬೂ ಇಲ್ಲ. ಕಣ್ಣಿಗೆ ಹೆಚ್ಚು ತೀಕ್ಷ್ಣವಾದ 550 ನ್ಯಾನೋಮೀಟರಿನ ಹಸಿರು ಬೆಳಕಿಗೆ ಲೆಕ್ಕ ಹಾಕಿದರೆ ಪದರದ ದಪ್ಪ ಸುಮಾರು 113 ನ್ಯಾನೋಮೀಟರ್ ಆಗುತ್ತದೆ. ನಮ್ಮ ತಲೆಗೂದಲಿನ ದಪ್ಪ ಅದರ ನೂರಾರು ಪಟ್ಟು.

ವಿಚಾರ ಹೊಸದೆಂದು ಅಂಗಡಿಯಾತ ಹೇಳಿದರೂ ಬೇರು ಹಳೆಯದು. ಹಳತಾಗಿ ಮಾಸಿದ ಗಾಜು ಹೊಸ ಗಾಜಿಗಿಂತ ಹೆಚ್ಚು ಬೆಳಕನ್ನು ಬಿಡುತ್ತದೆಂದು ಲಾರ್ಡ್ ರ‍್ಯಾಲಿ 1886ರಲ್ಲೇ ಗಮನಿಸಿದ್ದರು. 1938ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಕ್ಯಾಥರೀನ್ ಬ್ಲಾಡ್ಜೆಟ್ ಅವರು ಸಾಬೂನಿನ ಒಂದೊಂದೇ ಅಣುವಿನ ದಪ್ಪದ ಪದರಗಳನ್ನು ಗಾಜಿನ ಮೇಲೆ ಪೇರಿಸಿ ಪ್ರತಿಫಲಿಸದ ಗಾಜನ್ನು ತೋರಿಸಿದರು, ಆದರೆ ಅದು ಒರೆಸಿದರೆ ಹೋಗುವಂಥದ್ದಾಗಿತ್ತು.

‘ನ್ಯಾನೋ’ ಎಂಬ ಪದದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ, ಏಕೆಂದರೆ ಅದೇ ಪದವನ್ನು ಪರಸ್ಪರ ಭಿನ್ನವಾದ ಮೂರು ಸಂಗತಿಗಳಿಗೆ ಅಂಟಿಸಿ ಮಾರುತ್ತಾರೆ. ಆಪಲ್ ಕಂಪೆನಿಯು 2019ರಿಂದ ತನ್ನ ದುಬಾರಿ ಪರದೆಗಳಲ್ಲಿ ಕೊಡುತ್ತಿರುವ ನ್ಯಾನೋ ಟೆಕ್ಸ್ಚರ್ ಗಾಜಿನಲ್ಲಿ ಮೇಲ್ಮೈಯನ್ನೇ ಅತಿ ಸೂಕ್ಷ್ಮವಾಗಿ ಕೊರೆದು ಪ್ರತಿಬಿಂಬವನ್ನು ಚದುರಿಸುತ್ತಾರೆ. ಅದು ಮೂಲತಃ ಮ್ಯಾಟ್ ಜಾತಿಯದ್ದು. ಕ್ವಾಂಟಮ್ ಡಾಟ್ ಎಂಬ ನ್ಯಾನೋ ಕಣಗಳು ಪರದೆಯ ಒಳಗೆ, ಹಿಂಬದಿಯ ದೀಪದ ಹತ್ತಿರ ಕುಳಿತು ನೀಲಿ ಬೆಳಕನ್ನು ಶುದ್ಧವಾದ ಕೆಂಪು ಮತ್ತು ಹಸಿರಾಗಿ ಬದಲಾಯಿಸುತ್ತವೆ. ಅವುಗಳ ಆವಿಷ್ಕಾರಕ್ಕೆ 2023ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಮೌಂಗಿ ಬಾವೆಂಡಿ, ಲೂಯಿ ಬ್ರೂಸ್ ಮತ್ತು ಅಲೆಕ್ಸಿ ಎಕಿಮೋವ್ ಅವರಿಗೆ ಸಂದಿದೆ. ಪರದೆಯಿಂದ ಹೊರಡುವ ಬೆಳಕನ್ನೇ ಉತ್ತಮಪಡಿಸುವುದು ಅಂಥ ಒಳಗಿನ ಪದರಗಳ ಕೆಲಸ, ಮತ್ತು ಕೊಂಡ ಮೇಲೆ ಹೊರಗಿನಿಂದ ಅಂಟಿಸಿ ಅದನ್ನು ಪಡೆಯಲಾಗದು. ನಾನು ತಂದದ್ದು ಮೂರನೆಯದು, ಕನ್ನಡಕಕ್ಕೆ ಎ.ಆರ್. ಕೋಟಿಂಗ್ (ಪ್ರತಿಫಲನ ತಡೆಯುವ ಲೇಪನ) ಎಂದು ಹಾಕಿಸಿಕೊಳ್ಳುತ್ತೇವಲ್ಲ, ಅದರ ಸೋದರಸಂಬಂಧಿ.

ಮ್ಯಾಟ್ ಹಾಳೆಯನ್ನು ನಾನು ಎರಡೇ ದಿನದಲ್ಲಿ ತೆಗೆದುಹಾಕಿದೆ. ಅದು ಗೋಡೆಯ ಪ್ರತಿಬಿಂಬವನ್ನು ಅಳಿಸಲಿಲ್ಲ, ಪರದೆಯ ಉದ್ದಗಲಕ್ಕೆ ಬಿಳಿ ಮಂಜಿನಂತೆ ಹರಡಿತು. ಕಪ್ಪು ಅಕ್ಷರ ಬೂದಿಯ ಬಣ್ಣಕ್ಕೆ ತಿರುಗಿತು, ಬಿಳಿ ಜಾಗದಲ್ಲಿ ಸಕ್ಕರೆ ಚೆಲ್ಲಿದಂತೆ ಮಿಣುಕು ಕಾಣಿಸಿತು. ಕಿಟಕಿಯ ದುರ್ಬಲ ಬೆಳಕು ಮಾತ್ರ ಬೀಳುವ ಕೋಣೆಗೆ ಅದು ಸಾಕಾದೀತು.

ನ್ಯಾನೋ ಹಾಳೆಯ ಪರೀಕ್ಷೆಗೆ ನಾನು ಮಾಡಿಕೊಂಡ ಉಪಾಯ ಹೀಗಿತ್ತು. ‘ದನ–ಧನ’, ‘ಬರ–ಭರ’, ‘ಡಕ್ಕೆ–ಢಕ್ಕೆ’ ಮೊದಲಾದ ಜೋಡಿಗಳನ್ನು ಹನ್ನೆರಡು ಪಾಯಿಂಟಿನಲ್ಲಿ ಒಂದು ಪುಟ ತುಂಬ ಅಡ್ಡಾದಿಡ್ಡಿಯಾಗಿ ಟೈಪ್ ಮಾಡಿ, ಮೂರು ಗಂಟೆಯ ಬಿಸಿಲಿನ ಹೊತ್ತಿಗೆ, ಹಾಳೆ ಅಂಟಿಸುವ ಮೊದಲು ಒಮ್ಮೆ ಮತ್ತು ಅಂಟಿಸಿದ ಮೇಲೆ ಒಮ್ಮೆ, ಕೌಂಟರಿನ ಆಚೆ ನಿಂತ ಪಕ್ಕದ ಹೋಟೆಲಿನ ಯಜಮಾನರಿಂದ ಓದಿಸಿದೆ. ಅರವತ್ತು ದಾಟಿದ ಅವರು ಮೊದಲನೆಯ ಸಲ ಗೋಡೆಯ ಪ್ರತಿಬಿಂಬ ಬಿದ್ದ ಬಲ ಅರ್ಧದಲ್ಲಿ ಮಹಾಪ್ರಾಣಗಳನ್ನೆಲ್ಲ ಅಲ್ಪಪ್ರಾಣವಾಗಿಯೇ ಓದಿ, ‘ಇದರಲ್ಲಿ ನನ್ನ ಮುಖವೇ ಕಾಣ್ತದಲ್ಲ’ ಎಂದು ಬಿಟ್ಟುಬಿಟ್ಟರು. ಎರಡನೆಯ ಸಲ ಇಡೀ ಪುಟದಲ್ಲಿ ಎರಡು ಕಡೆ ಮಾತ್ರ ತಡವರಿಸಿದರು. ಮಲಯಾಳ ಲಿಪಿಯಲ್ಲಿ ‘ನ’ಕ್ಕೂ ‘ಣ’ಕ್ಕೂ ಒಂದು ಸುರುಳಿಯಷ್ಟೇ ವ್ಯತ್ಯಾಸವಿರುವುದರಿಂದ ಅರ್ಜಿಗಳ ಕೆಲಸದಲ್ಲಿಯೂ ಈ ಲಾಭ ನನಗೆ ದಿನವೂ ಸಿಗುತ್ತಿದೆ.

ಆದರೆ ಈ ಫಲಿತಾಂಶ ಎಲ್ಲ ಪರದೆಗಳಿಗೂ ಅನ್ವಯಿಸುವುದಿಲ್ಲ. ನನ್ನ ಯಂತ್ರದಲ್ಲಿ ಮುಂಭಾಗದ ಗಾಜು ಒಳಗಿನ ಫಲಕಕ್ಕೆ ಪಾರದರ್ಶಕ ಅಂಟಿನಿಂದ ಬೆಸೆದಿದೆ. ಪರಿಚಯದವರೊಬ್ಬರ ಹಳೆಯ ಟಚ್ ಯಂತ್ರದಲ್ಲಿ ಗಾಜಿಗೂ ಫಲಕಕ್ಕೂ ನಡುವೆ ಗಾಳಿಯ ಸಂದು ಇದೆ. ಅಲ್ಲಿ ಗಾಜಿನ ಹಿಂಬದಿಯೂ ಫಲಕದ ಮೇಲ್ಮೈಯೂ ತಂತಮ್ಮ ಪಾಲಿನ ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ. ಮುಂಭಾಗದ ಹಾಳೆಗೆ ಅವುಗಳ ಮೇಲೆ ಹಿಡಿತವಿಲ್ಲ. ಮಿಕ್ಕಿದ ತುಂಡೊಂದನ್ನು ಅದಕ್ಕೆ ಹಿಡಿದು ನೋಡಿದಾಗ ಮುಖದ ಪ್ರತಿಬಿಂಬ ಸ್ವಲ್ಪ ಮಂಕಾಯಿತೇ ಹೊರತು ಹೋಗಲಿಲ್ಲ. ಇದನ್ನು ಕೊಳ್ಳುವ ಮೊದಲೇ ತಿಳಿಯಲು ಸುಲಭ ದಾರಿಯಿದೆ: ಪರದೆಯನ್ನು ಆರಿಸಿ, ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದು, ಎಷ್ಟು ಬೆಳಕಿನ ಚುಕ್ಕೆಗಳು ಕಾಣುತ್ತವೆಂದು ಎಣಿಸಬೇಕು. ಸ್ಪಷ್ಟವಾದ ಚುಕ್ಕೆ ಒಂದೇ ಇದ್ದರೆ ಹಾಳೆಯಿಂದ ಪ್ರಯೋಜನ ಹೆಚ್ಚು. ಒಂದರ ಹಿಂದೊಂದು ಸರಿದು ನಿಂತ ಎರಡು ಮೂರು ಚುಕ್ಕೆಗಳಿದ್ದರೆ ಹಣ ಉಳಿಸಿಕೊಳ್ಳುವುದು ಒಳ್ಳೆಯದು.

ಅಂಟಿಸುವ ಕೆಲಸ ತಾಳ್ಮೆ ಬೇಡುತ್ತದೆ. ಅಂಗಡಿಯಾತ ಅಂಟಿಸಿಕೊಡಲು ಒಪ್ಪಲಿಲ್ಲ. ಇಷ್ಟು ದೊಡ್ಡ ಹಾಳೆ ಹಾಳಾದರೆ ತಾನು ಹೊಣೆಯಲ್ಲವೆಂದ. ನಮ್ಮ ಊರಿನ ಕೆಂಪು ಮಣ್ಣಿನ ಧೂಳು ಜನವರಿಯಲ್ಲಿ ಎಲ್ಲೆಡೆ ತೇಲುತ್ತಿರುತ್ತದೆ. ಧೂಳು ಕೆಳಗಿಳಿಯಲೆಂದು ರಾತ್ರಿ ಅಂಗಡಿಯ ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ನಿಲ್ಲಿಸಿ, ಮಗಳನ್ನು ಹಾಳೆಯ ಒಂದು ತುದಿ ಹಿಡಿಯಲು ನಿಲ್ಲಿಸಿಕೊಂಡು ಅಂಟಿಸಿದೆ. ಆದರೂ ಎಡಗಡೆಯ ಕೆಳಮೂಲೆಯಲ್ಲಿ ಒಂದು ಕಣ ಸಿಕ್ಕಿಬಿದ್ದು ಅದರ ಸುತ್ತ ಸಾಸಿವೆ ಕಾಳಿನಷ್ಟು ಗುಳ್ಳೆ ಉಳಿಯಿತು. ಎತ್ತಿ ತೆಗೆಯಲು ಹೋದರೆ ಇನ್ನಷ್ಟು ಧೂಳು ಒಳಹೋಗುವುದೆಂದು ಸುಮ್ಮನಾದೆ.

ಲೇಪನದ ದೊಡ್ಡ ಶತ್ರು ಬೆರಳಿನ ಎಣ್ಣೆ. ನುಣುಪು ಗಾಜಿನಲ್ಲಿ ಕಾಣದ ಬೆರಳಗುರುತು ಇದರಲ್ಲಿ ಎದ್ದು ಕಾಣುತ್ತದೆ, ಏಕೆಂದರೆ ಎಣ್ಣೆ ಮೆತ್ತಿದ ಜಾಗದಲ್ಲಿ ಪದರದ ಲೆಕ್ಕಾಚಾರ ಕೆಟ್ಟು ಪ್ರತಿಫಲನ ಮರಳುತ್ತದೆ. ಹೆಸರು ತೋರಿಸಲು ಪರದೆಗೇ ಬೆರಳು ಒತ್ತುವ ಗಿರಾಕಿಗಳನ್ನು ಗದರಿಸಲಾಗದು, ಆದ್ದರಿಂದ ಅವರ ಕೈಗೆ ಒಂದು ಪೆನ್ಸಿಲ್ ಕೊಟ್ಟು ದೂರದಿಂದ ತೋರಿಸಲು ಹೇಳುತ್ತೇನೆ. ಒದ್ದೆ ಮಾಡಿ ಹಿಂಡಿದ ಮೈಕ್ರೋಫೈಬರ್ ಬಟ್ಟೆ ಸಾಕು. ಅಮೋನಿಯಾ ಇರುವ ಗಾಜು ಒರೆಸುವ ದ್ರವವನ್ನು ಹತ್ತಿರಕ್ಕೂ ತರಬಾರದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಜಿಲ್ಲೆಯಲ್ಲಿ ಕ್ಯಾಮೆರಾ ಮಸೂರಗಳಿಗೇ ಬೂಸು ಹಿಡಿಯುತ್ತದೆ. ಜೂನಿನಿಂದ ಇಲ್ಲಿಯವರೆಗೆ ಹಾಳೆಯ ಅಂಚು ಎಲ್ಲಿಯೂ ಎದ್ದಿಲ್ಲ, ಬೂಸೂ ಹಿಡಿದಿಲ್ಲ. ದಿನವೂ ಒರೆಸುವ ನಡುಭಾಗದಲ್ಲಿ ಮಾತ್ರ ಮೂರು ನಾಲ್ಕು ಕೂದಲೆಳೆಯಂಥ ಗೀರುಗಳು ಬಿದ್ದಿವೆ. ಪರದೆ ಆರಿಸಿ ನೋಡಿದರಷ್ಟೇ ಕಾಣುತ್ತವೆ.

ಓರೆಯಿಂದ ನೋಡುವವರಿಗೆ ಉಳಿದ ಪ್ರತಿಬಿಂಬ ಬೇರೆ ಬಣ್ಣದ ಛಾಯೆಯಲ್ಲಿ ಕಾಣುತ್ತದೆ. ಬೆಳಕು ಬೀಳುವ ಕೋನ ಬದಲಾದಾಗ ಕಾಲು ಅಲೆಯ ಹೊಂದಾಣಿಕೆ ಹಸಿರಿನಿಂದ ನೀಲಿಯ ಕಡೆಗೆ ಸರಿಯುವುದು ಸಹಜ, ಇದನ್ನು ಹಾಳೆಯ ದೋಷವೆನ್ನಲಾರೆ. ಆಮಂತ್ರಣ ಪತ್ರಿಕೆಯ ಅರಿಸಿನ ಮತ್ತು ಕುಂಕುಮದ ಬಣ್ಣಗಳನ್ನು ಒಪ್ಪಿಸುವಾಗ ಮಾತ್ರ ಗಿರಾಕಿಯನ್ನು ಒಳಗೆ ಕರೆದು ನೇರವಾಗಿ ಕೂರಿಸಿ ತೋರಿಸುತ್ತೇನೆ. ಪೊಟ್ಟಣದಲ್ಲಿ ಹೇಳಿದ್ದ ‘ಕಣ್ಣಿನ ಸಂಪೂರ್ಣ ರಕ್ಷಣೆ’ಯ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಸಂಜೆ ಹೊತ್ತಿಗೆ ಕಣ್ಣು ಕಿರಿದು ಮಾಡಿ ನೋಡುವ ಅಭ್ಯಾಸ ತಪ್ಪಿದೆ, ಅಷ್ಟೇ.

ಬೆಲೆ ಹೆಚ್ಚೆಂದೇ ನನ್ನ ಅಭಿಪ್ರಾಯ, ಆದರೆ ಒಂದು ಮರುಮುದ್ರಣದ ಖರ್ಚಿಗಿಂತ ಕಡಿಮೆ. ಗಾಜಿನ ಮುಖವಿರುವ, ಒಳಗೆ ಬೆಸೆದ ಪರದೆಯನ್ನು ಬಾಗಿಲಿನ ಎದುರು ಇಡಲೇಬೇಕಾದವರಿಗೆ ಇದನ್ನು ಧಾರಾಳವಾಗಿ ಹೇಳುತ್ತೇನೆ. ಮೇಜು ತಿರುಗಿಸಲು ಜಾಗವಿರುವವರು ಮೊದಲು ಮೇಜನ್ನು ತಿರುಗಿಸಿ ನೋಡಲಿ. ರಾತ್ರಿ ಮಾತ್ರ ಕೆಲಸ ಮಾಡುವವರಿಗೆ ಇದರಿಂದ ಏನೂ ಸಿಗದು.

ಹಾಳೆ ಚೆನ್ನಾಗಿದೆಯೆಂದು ಆಗಸ್ಟಿನಲ್ಲಿ ಅದೇ ಅಂಗಡಿಗೆ ಹೋಗಿ ಹೇಳಿದಾಗ, ನನ್ನ ಎರಡನೆಯ ಮಾನಿಟರಿಗೂ ಒಂದು ಒಯ್ಯಿರೆಂದು ಆತ ಪೊಟ್ಟಣವನ್ನು ಮುಂದಕ್ಕೆ ಸರಿಸಿದ. ಆ ಮಾನಿಟರಿನ ಮೇಲ್ಮೈ ಕಾರ್ಖಾನೆಯಿಂದಲೇ ಮ್ಯಾಟ್ ಆಗಿ ಬಂದದ್ದು, ಅದೂ ಗೋಡೆಯ ಕಡೆಗೆ ಮುಖ ಮಾಡಿ ಒಳಕೋಣೆಯಲ್ಲಿದೆ. ಬೇಡವೆಂದು ಹೇಳಿ, ಒರೆಸುವ ಬಟ್ಟೆ ಮಾತ್ರ ಎರಡು ತಂದೆ.